ಎಲೆಕ್ಟ್ರಾನುಗಳ ವಠಾರ

ಜಾಗವಿದ್ದೂ ಕದಲದ ಎಲೆಕ್ಟ್ರಾನುಗಳು ಭೌತಶಾಸ್ತ್ರದ ಪಠ್ಯಪುಸ್ತಕಕ್ಕೇ ಸವಾಲು ಹಾಕಿದವು. ಆ ಸವಾಲಿಗೆ ಉತ್ತರ ಹುಡುಕುವ ಕೆಲಸದ ಒಂದು ಪಾಲು ನಡೆದದ್ದು ಯಶವಂತಪುರ ಮತ್ತು ಜಕ್ಕೂರಿನ ಆಸುಪಾಸಿನಲ್ಲಿ.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗುವವರಿಗೆ ಜಕ್ಕೂರು ಎಂದರೆ ಮೊದಲು ನೆನಪಾಗುವುದು ಅಲ್ಲಿನ ವಿಮಾನ ತರಬೇತಿ ಶಾಲೆ. ಅದೇ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ನೆಹರೂ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಸ್ಥಾಪನೆಯಾದ ಈ ಕೇಂದ್ರದ ಸ್ಥಾಪಕ ಅಧ್ಯಕ್ಷರು ಪ್ರೊ. ಸಿ.ಎನ್.ಆರ್. ರಾವ್. 2014ರಲ್ಲಿ ಅವರು ಭಾರತರತ್ನ ಪ್ರಶಸ್ತಿ ಸ್ವೀಕರಿಸಿದಾಗ ಪತ್ರಿಕೆಗಳ ತುಂಬ ಅವರ ಚಿತ್ರಗಳಿದ್ದವು. ಆದರೆ ಅವರು ಜೀವಮಾನವಿಡೀ ಬೆನ್ನುಹತ್ತಿದ ಪ್ರಶ್ನೆಗಳು ಯಾವುವು ಎಂಬುದು ಹೆಚ್ಚಿನವರಿಗೆ ತಿಳಿಯಲಿಲ್ಲ. ಅವುಗಳಲ್ಲಿ ಒಂದನ್ನು ಪಿಯುಸಿ ವಿದ್ಯಾರ್ಥಿಗೂ ಅರ್ಥವಾಗುವಂತೆ ಹೇಳಬಹುದು: ಕೆಲವು ಆಕ್ಸೈಡುಗಳು ವಿದ್ಯುತ್ತನ್ನು ಹರಿಯಬಿಡಬೇಕಾಗಿತ್ತು, ಹಾಗಿದ್ದೂ ಏಕೆ ಬಿಡುವುದಿಲ್ಲ?

ಪುಸ್ತಕ ಹೇಳುವುದೇನು?

ತಾಮ್ರದ ತಂತಿಯಲ್ಲಿ ವಿದ್ಯುತ್ ಹರಿಯುವುದಕ್ಕೆ ಪಠ್ಯಪುಸ್ತಕ ಕೊಡುವ ಕಾರಣ ಸರಳವಾದದ್ದು. ಪ್ರತಿ ಪರಮಾಣುವಿನ ಹೊರಗಿನ ಎಲೆಕ್ಟ್ರಾನು ತನ್ನ ಪರಮಾಣುವಿಗೆ ಅಂಟಿಕೊಳ್ಳದೆ ಇಡೀ ಲೋಹದಲ್ಲಿ ಓಡಾಡುತ್ತದೆ. ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಇಂಥ ಎಲೆಕ್ಟ್ರಾನುಗಳ ಸಂಖ್ಯೆ 8.5ರ ಮುಂದೆ 10ರ 22ನೆಯ ಘಾತವನ್ನು ಗುಣಿಸಿದಷ್ಟು. 1928ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು 1931ರಲ್ಲಿ ಎ.ಎಚ್. ವಿಲ್ಸನ್ ಈ ಚಿತ್ರಕ್ಕೆ ಗಣಿತದ ರೂಪ ಕೊಟ್ಟರು. ಘನವಸ್ತುವಿನಲ್ಲಿ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಪಟ್ಟಿಗಳಾಗಿ ಹರಡಿಕೊಳ್ಳುತ್ತವೆ. ಪಟ್ಟಿ ಪೂರ್ತಿ ತುಂಬಿದ್ದರೆ ವಸ್ತು ಅವಾಹಕ. ಅರ್ಧ ತುಂಬಿದ್ದರೆ ಲೋಹ. ವಜ್ರ ಏಕೆ ಅವಾಹಕ, ಸೋಡಿಯಂ ಏಕೆ ಲೋಹ, ಸಿಲಿಕಾನ್ ಏಕೆ ಅರೆವಾಹಕ ಎಂಬುದನ್ನೆಲ್ಲ ಈ ಒಂದು ಸೂತ್ರ ವಿವರಿಸಿತು. ಟ್ರಾನ್ಸಿಸ್ಟರಿನಿಂದ ಕಂಪ್ಯೂಟರಿನವರೆಗೆ ಆಧುನಿಕ ಎಲೆಕ್ಟ್ರಾನಿಕ್ಸ್ ನಿಂತಿರುವುದು ಇದರ ಮೇಲೆಯೇ.

ಆದರೆ ಈ ಸಿದ್ಧಾಂತದಲ್ಲಿ ಒಂದು ದೊಡ್ಡ ಸೌಲಭ್ಯ ಮಾಡಿಕೊಳ್ಳಲಾಗಿದೆ. ಎಲೆಕ್ಟ್ರಾನುಗಳು ಒಂದನ್ನೊಂದು ಲೆಕ್ಕಿಸುವುದೇ ಇಲ್ಲ, ಪ್ರತಿಯೊಂದೂ ತನ್ನ ಪಾಡಿಗೆ ತಾನು ಚಲಿಸುತ್ತದೆ ಎಂದು ಅದು ಭಾವಿಸುತ್ತದೆ. ನಿಜದಲ್ಲಿ ಎಲ್ಲ ಎಲೆಕ್ಟ್ರಾನುಗಳ ಮೇಲೂ ಋಣ ವಿದ್ಯುದಂಶವಿದೆ. ಅವು ಒಂದನ್ನೊಂದು ದೂಡುತ್ತವೆ. ಕೂಲಂಬನ ನಿಯಮದ ಪ್ರಕಾರ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟು, ಅಂದರೆ ಸುಮಾರು ಒಂದು ಪರಮಾಣುವಿನಷ್ಟು, ಅಂತರದಲ್ಲಿರುವ ಎರಡು ಎಲೆಕ್ಟ್ರಾನುಗಳ ನಡುವಣ ವಿಕರ್ಷಣೆಯ ಶಕ್ತಿ ಸುಮಾರು 14 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಒಂದು ಕಣಕ್ಕೆ ಶಾಖದಿಂದ ಸಿಗುವ ಶಕ್ತಿ ಎಲೆಕ್ಟ್ರಾನ್ ವೋಲ್ಟಿನ ಸುಮಾರು ನಲವತ್ತರ ಒಂದು ಪಾಲು ಮಾತ್ರ. ಇಷ್ಟು ದೊಡ್ಡ ಜಗಳವನ್ನು ಮರೆತು ಲೆಕ್ಕ ಹಾಕಿದರೂ ತಾಮ್ರದ ವಿಷಯದಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಅಲ್ಲಿನ ಎಲೆಕ್ಟ್ರಾನುಗಳು ವಿಶಾಲವಾಗಿ ಹರಡಿಕೊಂಡಿದ್ದು, ಉಳಿದವುಗಳ ಗುಂಪು ಪ್ರತಿ ಎಲೆಕ್ಟ್ರಾನಿನ ಪ್ರಭಾವಕ್ಕೆ ತೆರೆ ಹಿಡಿದಂತೆ ಅಡ್ಡ ಬರುತ್ತದೆ. 1956ರಲ್ಲಿ ರಷ್ಯದ ಲೆವ್ ಲಂಡಾವ್ ಇದಕ್ಕೆ ಭದ್ರವಾದ ಸೈದ್ಧಾಂತಿಕ ಆಧಾರ ಒದಗಿಸಿದ.

ಸೂತ್ರ ಮುರಿದ ಆಕ್ಸೈಡು

ತೊಂದರೆ ಕಾಣಿಸಿಕೊಂಡದ್ದು 1937ರಲ್ಲಿ. ಹಾಲೆಂಡಿನ ಡಿ ಬೋರ್ ಮತ್ತು ವೆರ್ವೆ ಎಂಬ ವಿಜ್ಞಾನಿಗಳು ನಿಕ್ಕಲ್ ಆಕ್ಸೈಡಿನತ್ತ ಬೆರಳು ತೋರಿಸಿದರು. ಅದರಲ್ಲಿನ ನಿಕ್ಕಲ್ ಅಯಾನಿನ '3ಡಿ' ಕಕ್ಷೆಗಳಲ್ಲಿ 10 ಎಲೆಕ್ಟ್ರಾನುಗಳಿಗೆ ಜಾಗವಿದೆ, ಇರುವುದು 8. ಪಟ್ಟಿ ತುಂಬಿಲ್ಲ, ಆದ್ದರಿಂದ ಅದು ಲೋಹವಾಗಬೇಕು. ಆದರೆ ಶುದ್ಧ ನಿಕ್ಕಲ್ ಆಕ್ಸೈಡು ಹಸಿರು ಬಣ್ಣದ, ಉತ್ತಮ ದರ್ಜೆಯ ಅವಾಹಕ! ಅದೇ ವರ್ಷ ಇಂಗ್ಲೆಂಡಿನ ನೆವಿಲ್ ಮಾಟ್ ಮತ್ತು ರುಡಾಲ್ಫ್ ಪೈಯರ್ಲ್ಸ್ ಇದಕ್ಕೆ ಕಾರಣ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯೇ ಇರಬೇಕೆಂದು ಸೂಚಿಸಿದರು. ಮಾಟ್ 1949ರಲ್ಲಿ ಈ ವಿಚಾರವನ್ನು ಬೆಳೆಸಿದರು. ಇಂಥ ವಸ್ತುಗಳಿಗೆ ಇಂದು 'ಮಾಟ್ ಅವಾಹಕ' ಎಂಬ ಹೆಸರಿದೆ. 1977ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಮಾಟ್, ಫಿಲಿಪ್ ಆಂಡರ್ಸನ್ ಮತ್ತು ವ್ಯಾನ್ ವ್ಲೆಕ್ ಅವರಿಗೆ ಹಂಚಿಕೆಯಾಯಿತು.

ಒಂಟಿ ಕೋಣೆಯ ಮನೆಗಳು

ಹಳೆಯ ಬೆಂಗಳೂರಿನ ವಠಾರವೊಂದನ್ನು ಕಲ್ಪಿಸಿಕೊಳ್ಳಿ. ಸಾಲಾಗಿ ಒಂಟಿ ಕೋಣೆಯ ಮನೆಗಳು. ಪ್ರತಿ ಮನೆಯಲ್ಲಿ ಹೆಚ್ಚೆಂದರೆ ಇಬ್ಬರು ಇರಬಹುದು. ಮನೆ ಎಂದರೆ ಪರಮಾಣು. ಬಾಡಿಗೆದಾರರು ಎಂದರೆ ಎಲೆಕ್ಟ್ರಾನುಗಳು. ಒಂದೇ ಮನೆಯಲ್ಲಿ ಇಬ್ಬರಿರಬೇಕಾದರೆ ಅವರ ಗಿರಕಿಗಳು ವಿರುದ್ಧವಾಗಿರಬೇಕು. ಇದು ಪೌಲಿಯ ನಿಯಮ.

ಎಲ್ಲ ಮನೆಗಳಲ್ಲೂ ಇಬ್ಬಿಬ್ಬರು ತುಂಬಿದ್ದರೆ ಯಾರೂ ಕದಲುವಂತಿಲ್ಲ. ಇದು ವಜ್ರದಂಥ ಸಾಮಾನ್ಯ ಅವಾಹಕ. ಈಗ ಪ್ರತಿ ಮನೆಯಲ್ಲಿ ಒಬ್ಬೊಬ್ಬರೇ ಇದ್ದಾರೆ ಎಂದುಕೊಳ್ಳಿ. ವಠಾರದ ಅರ್ಧ ಜಾಗ ಖಾಲಿ. ಮನೆಗಳು ದೊಡ್ಡವಾಗಿದ್ದು, ಇಬ್ಬರು ಸೇರಿದರೂ ಜಗಳವಾಗದಿದ್ದರೆ ಎಲ್ಲರೂ ಸಲೀಸಾಗಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡುತ್ತಾರೆ. ಇದು ಲೋಹ. ಆದರೆ ಮನೆಗಳು ತೀರ ಕಿರಿದಾಗಿದ್ದು, ಇಬ್ಬರು ಸೇರಿದೊಡನೆ ಭಾರಿ ಜಗಳ ಏಳುವುದಾದರೆ? ಬಾಗಿಲುಗಳೆಲ್ಲ ತೆರೆದೇ ಇದ್ದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ಉಳಿಯುತ್ತಾರೆ. ಇದೇ ಮಾಟ್ ಅವಾಹಕ. ಇಲ್ಲಿ ಎಲೆಕ್ಟ್ರಾನು ನಿಂತಿರುವುದು ಜಾಗವಿಲ್ಲದೆ ಅಲ್ಲ, ನೆರೆಯವನ ಭಯದಿಂದ. ನಿಕ್ಕಲ್, ತಾಮ್ರ, ಮ್ಯಾಂಗನೀಸ್ ಮೊದಲಾದವುಗಳ 3ಡಿ ಕಕ್ಷೆಗಳು ಇಂಥ ಕಿರಿದಾದ ಮನೆಗಳು. ಅವುಗಳ ಆಕ್ಸೈಡುಗಳಲ್ಲಿ ಈ ಜಗಳದ ಬೆಲೆ ಹಲವು ಎಲೆಕ್ಟ್ರಾನ್ ವೋಲ್ಟುಗಳಷ್ಟಿರುತ್ತದೆ.

ಪಕ್ಕದ ಮನೆಗೆ ಹೋಗುವ ಆಸೆ ಒಂದು ಕಡೆ, ಜಗಳದ ಬೆಲೆ ಇನ್ನೊಂದು ಕಡೆ. ಈ ಎರಡೇ ಸಂಗತಿಗಳನ್ನಿಟ್ಟುಕೊಂಡು ಜಾನ್ ಹಬಾರ್ಡ್ 1963ರಲ್ಲಿ ಒಂದು ಗಣಿತ ಮಾದರಿ ರಚಿಸಿದ. ಅದನ್ನು ಒಂದು ಸಾಲಿನಲ್ಲಿ ಬರೆದುಬಿಡಬಹುದು. ಬಿಡಿಸುವುದು ಮಾತ್ರ ಕಷ್ಟ. ಒಂದೊಂದು ಮನೆಗೂ ನಾಲ್ಕು ಸ್ಥಿತಿಗಳು ಸಾಧ್ಯ: ಖಾಲಿ, ಮೇಲ್ಮುಖ ಗಿರಕಿಯ ಎಲೆಕ್ಟ್ರಾನು, ಕೆಳಮುಖ ಗಿರಕಿಯದು, ಅಥವಾ ಎರಡೂ. ಹತ್ತು ಮನೆಗಳಿದ್ದರೆ ಒಟ್ಟು ಸ್ಥಿತಿಗಳು 10,48,576. ಇಪ್ಪತ್ತು ಮನೆಗಳಾದರೆ ಒಂದು ಲಕ್ಷ ಕೋಟಿಗೂ ಹೆಚ್ಚು. ಒಂದು ಚಿಟಿಕೆ ಪುಡಿಯಲ್ಲಿರುವ ಪರಮಾಣುಗಳ ಮಾತು ಹಾಗಿರಲಿ, ನೂರು ಮನೆಗಳಿಗೇ ಯಾವ ಕಂಪ್ಯೂಟರಿನ ಸ್ಮೃತಿಯೂ ಸಾಲದು. ಮನೆಗಳು ಒಂದೇ ಸಾಲಿನಲ್ಲಿದ್ದಾಗ ಏನಾಗುತ್ತದೆಂಬುದನ್ನು ಲೀಬ್ ಮತ್ತು ವು 1968ರಲ್ಲಿ ನಿಖರವಾಗಿ ಬಿಡಿಸಿದರು. ಚದರಂಗದ ಹಲಗೆಯಂತೆ ಹರಡಿದ ಮನೆಗಳ ಲೆಕ್ಕಕ್ಕೆ ಅಂಥ ನಿಖರ ಉತ್ತರ ಇಂದಿಗೂ ದೊರೆತಿಲ್ಲ.

ಕುಲುಮೆಯಲ್ಲಿ ಹುಡುಕಾಟ

ಲೆಕ್ಕ ಬಗೆಹರಿಯದಿದ್ದಾಗ ವಸ್ತುಗಳನ್ನೇ ಪ್ರಶ್ನಿಸಬೇಕಾಗುತ್ತದೆ. ಈ ದಾರಿ ಹಿಡಿದವರು ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1951ರಲ್ಲಿ, ಹದಿನೇಳರ ಹರೆಯದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಪಡೆದರು. ಬನಾರಸ್, ಅಮೆರಿಕದ ಪರ್ಡ್ಯೂ ಮತ್ತು ಕಾನ್ಪುರಗಳನ್ನು ಸುತ್ತಿ 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಯಶವಂತಪುರದ ನಿವಾಸಿಗಳು 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಸಂಸ್ಥೆಗೆ, ಮರಳಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗವನ್ನು ಕಟ್ಟಿದರು. 1984ರಿಂದ 1994ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಅವರ ತಂಡದ ವಿಧಾನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಲ್ಯಾಂಥನಮ್, ನಿಕ್ಕಲ್ ಮತ್ತು ಮೂರು ಪಾಲು ಆಮ್ಲಜನಕ ಸೇರಿದ ಆಕ್ಸೈಡು ಲೋಹದಂತೆ ವಿದ್ಯುತ್ ಹರಿಸುತ್ತದೆ. ಅದೇ ರಚನೆಯಲ್ಲಿ ನಿಕ್ಕಲ್ ಬದಲು ಕ್ರೋಮಿಯಂ, ಮ್ಯಾಂಗನೀಸ್ ಅಥವಾ ಕಬ್ಬಿಣವಿದ್ದರೆ ಅವಾಹಕ. ಹಾಗಾದರೆ ನಿಕ್ಕಲ್‌ನ ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಇವುಗಳನ್ನು ಸೇರಿಸುತ್ತ ಹೋದರೆ ಎಲ್ಲಿಗೆ ಬಂದಾಗ ಲೋಹ ಅವಾಹಕವಾಗುತ್ತದೆ? ಗಂಗೂಲಿ, ವಾಸಂತಾಚಾರ್ಯ, ರಾವ್ ಮತ್ತು ಇಂಗ್ಲೆಂಡಿನ ಎಡ್ವರ್ಡ್ಸ್ 1984ರಲ್ಲಿ ಪ್ರಕಟಿಸಿದ ಲೇಖನ ಈ ಪ್ರಶ್ನೆಯನ್ನೇ ಕುರಿತದ್ದು. ಅಂಥ ಪ್ರಯೋಗಕ್ಕೆ ಬೇಕಾದದ್ದು ಕುಲುಮೆ, ಎಕ್ಸ್‌ಕಿರಣ ಯಂತ್ರ, ರೋಧ ಅಳೆಯುವ ಉಪಕರಣ. ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ. ಪುಡಿಗಳನ್ನು ಅಳತೆ ಪ್ರಕಾರ ಬೆರೆಸಿ, ಅರೆದು, ಬಿಲ್ಲೆಯಾಗಿ ಒತ್ತಿ, ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಮತ್ತೆ ಅರೆದು ಮತ್ತೆ ಕಾಯಿಸುವ ಕೆಲಸ ಅದು.

ಇದೇ ಕಾಲದಲ್ಲಿ ತಂಡವು ಎರಡು ಲ್ಯಾಂಥನಮ್, ಒಂದು ತಾಮ್ರ, ನಾಲ್ಕು ಆಮ್ಲಜನಕವುಳ್ಳ, ಪದರ ಪದರವಾದ ಆಕ್ಸೈಡನ್ನೂ ಅದರ ಬಂಧುಗಳನ್ನೂ ಪರಿಶೀಲಿಸಿತು. ಗಂಗೂಲಿ ಮತ್ತು ರಾವ್ ಈ ಕುಟುಂಬದ ರಚನೆ ಹಾಗೂ ಕಾಂತೀಯ ಗುಣಗಳ ಬಗ್ಗೆ 1984ರಲ್ಲಿ ವಿಸ್ತಾರವಾದ ಲೇಖನ ಬರೆದರು. ವಠಾರದ ಲೆಕ್ಕದಲ್ಲಿ ಇದು ಅಚ್ಚುಕಟ್ಟಾದ ಮಾಟ್ ಅವಾಹಕ. ಪ್ರತಿ ತಾಮ್ರಕ್ಕೂ ಒಂದೊಂದು ಒಂಟಿ ಎಲೆಕ್ಟ್ರಾನು. ನೆರೆಹೊರೆಯವರ ಗಿರಕಿಗಳು ಒಂದು ಮೇಲೆ, ಒಂದು ಕೆಳಗೆ. ಇದಕ್ಕೂ ಕಾರಣ ಜಗಳವೇ. ಗಿರಕಿ ವಿರುದ್ಧವಾಗಿದ್ದರೆ ಮಾತ್ರ ಪಕ್ಕದ ಮನೆಗೆ ಒಂದು ಕ್ಷಣ ಇಣುಕಿ ಬರಲು ಪೌಲಿಯ ನಿಯಮ ಬಿಡುತ್ತದೆ. ಆ ಕ್ಷಣದ ಭೇಟಿಯಿಂದ ಶಕ್ತಿ ಕೊಂಚ ಇಳಿಯುತ್ತದೆ.

ಕೈಗೆ ಬಂದದ್ದು, ಕೈ ತಪ್ಪಿದ್ದು

1986ರಲ್ಲಿ ಜ್ಯೂರಿಚ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಇದೇ ಕುಟುಂಬದ ವಸ್ತುವಿಗೆ ಬೇರಿಯಂ ಬೆರೆಸಿ ತಣ್ಣಗಾಗಿಸಿದರು. ಸುಮಾರು 30 ಕೆಲ್ವಿನ್ ಹೊತ್ತಿಗೆ ಅದರ ರೋಧ ಕುಸಿಯಿತು. ಅದು ಅತಿವಾಹಕವಾಗಿತ್ತು. 1911ರಲ್ಲಿ ಪಾದರಸದಲ್ಲಿ 4.2 ಕೆಲ್ವಿನ್‌ನಲ್ಲಿ ಕಂಡ ಅತಿವಾಹಕತೆ ಎಪ್ಪತ್ತೈದು ವರ್ಷಗಳಲ್ಲಿ 23 ಕೆಲ್ವಿನ್ ದಾಟಿರಲಿಲ್ಲ. ಮರುವರ್ಷವೇ ಇಬ್ಬರಿಗೂ ನೊಬೆಲ್ ಬಂತು.

ವಠಾರದ ಭಾಷೆಯಲ್ಲಿ ಹೇಳುವುದಾದರೆ, ಲ್ಯಾಂಥನಮ್‌ನ ಜಾಗದಲ್ಲಿ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಹಾಕಿದರೆ ಎಲೆಕ್ಟ್ರಾನುಗಳ ಸಂಖ್ಯೆ ಸ್ವಲ್ಪ ಕಡಮೆಯಾಗುತ್ತದೆ. ಅಲ್ಲೊಂದು ಇಲ್ಲೊಂದು ಮನೆ ಖಾಲಿ ಬೀಳುತ್ತದೆ. ಪಕ್ಕದವನು ಆ ಮನೆಗೆ ಹೋಗಬಹುದು. ಅವನ ಮನೆ ಖಾಲಿಯಾದಾಗ ಇನ್ನೊಬ್ಬ ಅಲ್ಲಿಗೆ. ಜಗಳವಾಡದೆಯೇ ವಠಾರದಲ್ಲಿ ಸಂಚಾರ ಶುರುವಾಗುತ್ತದೆ. ಆದರೆ ಈ ಸಂಚಾರ ರೋಧವೇ ಇಲ್ಲದ ಹರಿವಾಗುವುದೇಕೆ? ಒಂದನ್ನೊಂದು ದೂಡುವ ಎಲೆಕ್ಟ್ರಾನುಗಳೇ ಜೋಡಿಗೂಡುವುದೇಕೆ?

ತಾಯಿವಸ್ತು ಬೆಂಗಳೂರಿನ ಪ್ರಯೋಗಾಲಯಕ್ಕೆ ಚಿರಪರಿಚಿತವಾಗಿತ್ತು. ಖ್ಯಾತಿ ಬೇರೆಡೆಗೆ ಹೋಯಿತು. ಆದರೆ ಆ ಪರಿಚಯ ವ್ಯರ್ಥವಾಗಲಿಲ್ಲ. 1987ರ ಆರಂಭದಲ್ಲಿ ಅಮೆರಿಕದಲ್ಲಿ ಇಟ್ರಿಯಂ, ಬೇರಿಯಂ, ತಾಮ್ರ ಬೆರೆತ ಆಕ್ಸೈಡು 90 ಕೆಲ್ವಿನ್‌ಗೂ ಮೇಲೆ ಅತಿವಾಹಕವಾಯಿತು. ಅದು ದ್ರವ ಸಾರಜನಕದ 77 ಕೆಲ್ವಿನ್‌ಗಿಂತ ಹೆಚ್ಚು. ಮೊದಲ ಮಾದರಿಗಳು ಹಲವು ವಸ್ತುಗಳ ಮಿಶ್ರಣವಾಗಿದ್ದು, ಅವುಗಳಲ್ಲಿ ಅತಿವಾಹಕ ಯಾವುದೆಂದು ಪತ್ತೆಹಚ್ಚುವ ಪೈಪೋಟಿ ಜಗತ್ತಿನಾದ್ಯಂತ ನಡೆಯಿತು. ಅದನ್ನು ಸ್ವತಂತ್ರವಾಗಿ ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನದೂ ಒಂದು. ರಾವ್, ಗಂಗೂಲಿ, ರಾಯಚೌಧುರಿ, ಮೋಹನ್ ರಾಮ್ ಮತ್ತು ಶ್ರೀಧರ್ ಅವರ ಲೇಖನ ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಿದ್ಧಾಂತದ ಕಥೆಯಲ್ಲೂ ಬೆಂಗಳೂರಿನ ಹೆಸರಿದೆ. 1987ರ ಜನವರಿಯಲ್ಲಿ ಇಂಥ ಜಗಳಗಂಟ ಎಲೆಕ್ಟ್ರಾನುಗಳ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಇಲ್ಲಿ ನಡೆಯಿತು. ಅದಕ್ಕೆ ಬಂದಿದ್ದ ಫಿಲಿಪ್ ಆಂಡರ್ಸನ್, ತಾಮ್ರದ ಆಕ್ಸೈಡುಗಳ ಅತಿವಾಹಕತೆಗೆ ಮೂಲ ಮಾಟ್ ಅವಾಹಕತೆಯೇ ಎಂಬ ತಮ್ಮ ಹೊಸ ವಿಚಾರವನ್ನು ಮಂಡಿಸಿದರು. ಮಾರ್ಚ್‌ನಲ್ಲಿ ಅದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದನ್ನು ಮುಂದೆ ಬೆಳೆಸಿದವರಲ್ಲಿ ಭಾರತದ ಜಿ. ಬಾಸ್ಕರನ್ ಪ್ರಮುಖರು. ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲೂ ಈ ವಿಷಯಕ್ಕೆ ಗಟ್ಟಿ ನೆಲೆಯಿತ್ತು. ಅಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಟಿ.ವಿ. ರಾಮಕೃಷ್ಣನ್ 1979ರಲ್ಲಿ ಆಂಡರ್ಸನ್ ಮುಂತಾದವರ ಜೊತೆಗೂಡಿ, ಅಶುದ್ಧಿಗಳ ನಡುವೆ ಎಲೆಕ್ಟ್ರಾನು ಸಿಕ್ಕಿಬೀಳುವ ಬಗ್ಗೆ ಹೆಸರಾಂತ ಸಿದ್ಧಾಂತ ರೂಪಿಸಿದವರು. ಎಚ್.ಆರ್. ಕೃಷ್ಣಮೂರ್ತಿ 1980ರಲ್ಲಿ ವಿಲ್ಕಿನ್ಸ್ ಮತ್ತು ಕೆನೆತ್ ವಿಲ್ಸನ್ ಜೊತೆ, ಲೋಹದೊಳಗೆ ಒಂದೇ ಒಂದು 'ಕಿರಿದಾದ ಮನೆ' ಇದ್ದರೆ ಏನಾಗುತ್ತದೆಂಬುದನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿದರು. ವಿಲ್ಸನ್‌ರಿಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕಾಂತ ಹಿಡಿದರೆ ತೆರೆಯುವ ದಾರಿ

ಜಗಳಗಂಟ ಎಲೆಕ್ಟ್ರಾನುಗಳ ಆಟ ತಾಮ್ರಕ್ಕೆ ಮುಗಿಯುವುದಿಲ್ಲ. ವನೇಡಿಯಂ ಡೈಆಕ್ಸೈಡು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಅವಾಹಕದಿಂದ ಲೋಹವಾಗುತ್ತದೆ. ಪರಮಾಣುಗಳು ಜೋಡಿಯಾಗಿ ಸರಿಯುವುದು ಮತ್ತು ಎಲೆಕ್ಟ್ರಾನುಗಳ ಜಗಳ, ಎರಡೂ ಅದರಲ್ಲಿ ಕೈಯಾಡಿಸುತ್ತವೆ. ಸೀರಿಯಂನ ಕೆಲವು ಸಂಯುಕ್ತಗಳಲ್ಲಿ ಎಲೆಕ್ಟ್ರಾನುಗಳು ಚಲಿಸುತ್ತವಾದರೂ ತಮ್ಮ ಸಹಜ ತೂಕದ ನೂರಾರು ಪಟ್ಟು ಭಾರವಿದ್ದಂತೆ ವರ್ತಿಸುತ್ತವೆ. ಹೆಬ್ಬಾಳದ ಸಂಜೆಯ ವಾಹನ ದಟ್ಟಣೆಯಲ್ಲಿ ಸಿಕ್ಕ ಸ್ಕೂಟರಿನಂತೆ. ಎಂಜಿನ್ ಅದೇ, ವೇಗ ಮಾತ್ರ ಇಲ್ಲ.

ಮ್ಯಾಂಗನೀಸ್ ಆಕ್ಸೈಡುಗಳು ಇನ್ನೂ ವಿಚಿತ್ರ. ಕಾಂತಕ್ಷೇತ್ರವನ್ನು ಒಡ್ಡಿದಾಗ ಅವುಗಳಲ್ಲಿ ಕೆಲವುಗಳ ರೋಧ ಸಾವಿರಾರು ಪಟ್ಟು ಇಳಿಯಬಲ್ಲದು. ನೆರೆಯವರ ಗಿರಕಿಗಳು ಒಂದೇ ದಿಕ್ಕಿಗೆ ತಿರುಗಿದಾಗ ಎಲೆಕ್ಟ್ರಾನಿಗೆ ದಾರಿ ತೆರೆಯುತ್ತದೆ. 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರು ಕೇಂದ್ರಗಳಲ್ಲಿ ಈ ವಸ್ತುಗಳ ಮೇಲೆ ಬಹಳ ಕೆಲಸ ನಡೆಯಿತು. ರಾವ್ ಮತ್ತು ಫ್ರಾನ್ಸಿನ ರಾವೋ 1998ರಲ್ಲಿ ಸಂಪಾದಿಸಿದ ಗ್ರಂಥ ಈ ವಿಷಯಕ್ಕೇ ಮೀಸಲು. 2004ರಲ್ಲಿ ರಾಮಕೃಷ್ಣನ್, ಕೃಷ್ಣಮೂರ್ತಿ, ಹಸನ್ ಮತ್ತು ಪೈ ಇದಕ್ಕೊಂದು ಸಿದ್ಧಾಂತ ಮುಂದಿಟ್ಟರು. ಕೆಲವು ಎಲೆಕ್ಟ್ರಾನುಗಳು ಒಂದೆಡೆ ನೆಲೆನಿಲ್ಲುತ್ತವೆ, ಕೆಲವು ಓಡಾಡುತ್ತವೆ, ಎರಡೂ ಒಂದೇ ವಸ್ತುವಿನಲ್ಲಿ ಒಟ್ಟಿಗೇ ಇರುತ್ತವೆ ಎಂಬುದು ಅದರ ತಿರುಳು.

ಹಳೆಯ ಪುಡಿ, ಹೊಸ ಸುದ್ದಿ

1986ರಲ್ಲಿ ಮೋಹನ್ ರಾಮ್, ಗಣಪತಿ, ಗಂಗೂಲಿ ಮತ್ತು ರಾವ್ ಲ್ಯಾಂಥನಮ್-ನಿಕ್ಕಲ್ ಆಕ್ಸೈಡುಗಳ ಒಂದು ಸರಣಿಯ ಬಗ್ಗೆ ಲೇಖನ ಪ್ರಕಟಿಸಿದರು. ಒಂದೊಂದೇ ಪದರ ಹೆಚ್ಚುತ್ತ ಹೋದಂತೆ ವಸ್ತು ಹೇಗೆ ಲೋಹದ ಗುಣದತ್ತ ಸಾಗುತ್ತದೆ ಎಂಬುದು ಅದರ ವಿಷಯ. ಆ ಸರಣಿಯ ಎರಡನೆಯ ಸದಸ್ಯನಲ್ಲಿ ಮೂರು ಲ್ಯಾಂಥನಮ್, ಎರಡು ನಿಕ್ಕಲ್, ಏಳು ಆಮ್ಲಜನಕ. ಮೂವತ್ತೇಳು ವರ್ಷಗಳ ನಂತರ, 2023ರಲ್ಲಿ, ಚೀನಾದ ವಿಜ್ಞಾನಿಗಳು ಇದೇ ವಸ್ತುವನ್ನು ವಾಯುಮಂಡಲದ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ ಇಟ್ಟಾಗ ಸುಮಾರು 80 ಕೆಲ್ವಿನ್‌ನಲ್ಲಿ ಅತಿವಾಹಕತೆಯ ಲಕ್ಷಣಗಳು ಕಂಡವು. ಜಗತ್ತಿನ ಪ್ರಯೋಗಾಲಯಗಳು ಮತ್ತೆ ನಿಕ್ಕಲ್ ಆಕ್ಸೈಡುಗಳತ್ತ ಧಾವಿಸಿದವು.

ಮೂಲವಿಜ್ಞಾನದ ಫಲ ಯಾವ ಊರಿನಲ್ಲಿ, ಯಾವ ದಶಕದಲ್ಲಿ ಕೈಗೆ ಬರುತ್ತದೆಂದು ಮುಂಚಿತವಾಗಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ. ತಾಮ್ರದ ಆಕ್ಸೈಡುಗಳ ಪಟ್ಟಿಗಳು ಇಂದು ವಿದ್ಯುತ್ ಕೇಬಲುಗಳಲ್ಲೂ ಪ್ರಬಲ ಕಾಂತಗಳಲ್ಲೂ ಬಳಕೆಯಾಗುತ್ತಿವೆ. ಹಾಗಿದ್ದರೂ ಅವು ಏಕೆ ಅತಿವಾಹಕಗಳು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬಳಕೆ ಬಂದಿದೆ, ವಿವರಣೆ ಬಂದಿಲ್ಲ.

ಮಕ್ಕಳು ಏನು ಮಾಡಬಹುದು?

ವಿಜ್ಞಾನದಲ್ಲಿ ಆಸಕ್ತಿಯಿರುವ ಮಗುವನ್ನು ಎಂಜಿನಿಯರಿಂಗ್‌ಗೇ ಕಳಿಸಬೇಕೇ ಎಂಬ ಚಿಂತೆ ಅನೇಕ ತಾಯಿತಂದೆಯರದು. ಮೂಲವಿಜ್ಞಾನದ ದಾರಿ ಉದ್ದವಾದದ್ದು ನಿಜ. ಪದವಿಯ ಮೇಲೆ ಐದಾರು ವರ್ಷಗಳ ಪಿಎಚ್.ಡಿ., ಆಮೇಲೆ ಇನ್ನಷ್ಟು ತರಬೇತಿ. ಆದರೆ ದಾರಿ ಕತ್ತಲಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪಿಯುಸಿ ಮುಗಿಸಿದವರಿಗಾಗಿಯೇ ನಾಲ್ಕು ವರ್ಷಗಳ ವಿಜ್ಞಾನ ಪದವಿ ಆರಂಭಿಸಿತು. ಬಿ.ಎಸ್ಸಿ. ಆದವರು ನೇರವಾಗಿ ಸೇರಬಹುದಾದ ಸಂಯೋಜಿತ ಪಿಎಚ್.ಡಿ. ಕಾರ್ಯಕ್ರಮ ಈ ಸಂಸ್ಥೆಯಲ್ಲೂ ಇದೆ, ಜಕ್ಕೂರಿನಲ್ಲೂ ಇದೆ. ಪಿಎಚ್.ಡಿ. ಮಾಡುವವರಿಗೆ ವಿದ್ಯಾರ್ಥಿವೇತನವುಂಟು. ಜಕ್ಕೂರು ಕೇಂದ್ರ ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆ ತನ್ನ 'ಓಪನ್ ಡೇ'ಯಂದು ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಯಲಹಂಕ, ಆರ್.ಟಿ. ನಗರ, ಯಶವಂತಪುರದ ಮಕ್ಕಳಿಗೆ ಇವೆಲ್ಲ ಬಸ್ಸಿನ ದೂರದಲ್ಲೇ ಇವೆ.

ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಎರಡೇ ಮನೆಗಳ ವಠಾರದಲ್ಲಿ ಎರಡು ಎಲೆಕ್ಟ್ರಾನುಗಳನ್ನು ಎಷ್ಟು ವಿಧದಲ್ಲಿ ಇರಿಸಬಹುದು? ಕಾಗದ, ಪೆನ್ಸಿಲ್ ಹಿಡಿದು ಬರೆದು ನೋಡಿದರೆ ಆರು ಎಂದು ತಿಳಿಯುತ್ತದೆ. ನಾಲ್ಕರಲ್ಲಿ ಮನೆಗೊಬ್ಬರು, ಎರಡರಲ್ಲಿ ಇಬ್ಬರೂ ಒಂದೇ ಮನೆಯಲ್ಲಿ. ಜಗಳದ ಬೆಲೆ ಏರಿದಂತೆಲ್ಲ ಈ ಕೊನೆಯ ಎರಡು ಅಪರೂಪವಾಗುತ್ತವೆ. ಮನೆಗಳ ಸಂಖ್ಯೆಯನ್ನು ಮೂರು, ನಾಲ್ಕು, ಐದು ಎಂದು ಏರಿಸುತ್ತ ಹೋಗಿ. ಪುಟ ತುಂಬುವ ವೇಗ ಕಂಡಾಗ, ಇಷ್ಟು ಜನ ವಿಜ್ಞಾನಿಗಳು ಇಷ್ಟು ವರ್ಷ ಈ ಒಂದೇ ಲೆಕ್ಕದ ಮುಂದೆ ಕುಳಿತದ್ದೇಕೆ ಎಂಬುದು ತಾನಾಗಿ ಅರ್ಥವಾಗುತ್ತದೆ.